ಕವೆಂಟ್ರಿಯದ್ದಾ, ನಾಟಿಂಗ್‌ಹ್ಯಾಮಿನದ್ದಾ? ದಾವಣಗೆರೆಯ ಒಂದು ಹಳೇ ಸೈಕಲ್ಲಿನ ಪ್ರಕರಣ

ಮನೆಯವರು ಹೇಳಿದ ಇಸವಿ 1935. ಮುತ್ತಜ್ಜ ತಮ್ಮ ಮದುವೆಯ ವರ್ಷ ಕೊಂಡ ಸೈಕಲ್ಲು ಅಂತ ಮೂರು ತಲೆಮಾರಿನಿಂದ ಕೇಳಿಕೊಂಡು ಬಂದ ಮಾತು. ನೋಡಲು ಬಂದಿದ್ದ ಬೆಂಗಳೂರಿನ ಒಬ್ಬ ವ್ಯಾಪಾರಿ ಅದಕ್ಕೆ ಇನ್ನೊಂದು ಮಾತು ಸೇರಿಸಿ ಹೋಗಿದ್ದ: "ಇದು ಕವೆಂಟ್ರಿಯಲ್ಲಿ ಮಾಡಿದ ರಡ್ಜ್. ಅಪರೂಪದ್ದು." ರಡ್ಜ್ ಅಂದರೆ ಇಂಗ್ಲೆಂಡಿನ ಒಂದು ಹಳೇ ಸೈಕಲ್ ಕಂಪನಿ, ಕವೆಂಟ್ರಿ ಅಲ್ಲಿನ ಒಂದು ಊರು. ಅದೇ ವಾರ ಪೇಂಟಿನವರೊಬ್ಬರು ಸ್ಯಾಂಡ್ ಬ್ಲಾಸ್ಟ್ ಮಾಡಿಸಿ ಹೊಸ ಬಣ್ಣ ಹೊಡೆದರೆ ಲಕಲಕ ಅನ್ನುತ್ತದೆ ಎಂದಿದ್ದರು. ಮನೆಯ ಮೊಮ್ಮಗ ಎರಡಕ್ಕೂ ಒಪ್ಪುವ ಮೊದಲು ಸೈಕಲ್ಲನ್ನು ನನ್ನ ಹತ್ತಿರ ತಂದ. "ಅಣ್ಣಾ, ಇದು ನಿಜವಾಗ್ಲೂ ಯಾವ ಕಾಲದ್ದು ಅಂತ ಹೇಳಿ. ಆಮೇಲೆ ಏನು ಮಾಡೋದು ಅಂತ ನೋಡ್ತೀನಿ" ಅಂದ.

ಇದು ಸರಿಯಾದ ಕ್ರಮ. ಬಣ್ಣ ಹೋದರೆ ಅರ್ಧ ಸಾಕ್ಷಿ ಹೋಯ್ತು. ಆದ್ದರಿಂದ ತೊಳೆಯಲೂ ಬಿಡದೆ, ಬಂದ ಸ್ಥಿತಿಯಲ್ಲೇ ಎಲ್ಲ ಕಡೆಯಿಂದ ಫೋಟೊ ತೆಗೆದುಕೊಂಡು ಕೆಲಸ ಶುರು ಮಾಡಿದೆ.

ಸೈಕಲ್ಲು ಮಂಡಿಪೇಟೆಯ ಹತ್ತಿರದ ಒಂದು ಹಳೇ ಮನೆಯದ್ದು. ಮುತ್ತಜ್ಜ ಹತ್ತಿ ವ್ಯಾಪಾರಿಯೊಬ್ಬರ ಹತ್ತಿರ ಗುಮಾಸ್ತರಾಗಿದ್ದರು. ದಾವಣಗೆರೆ ಆಗ ಹತ್ತಿಯ ಊರು. ಜಿನ್ನಿಂಗ್ ಫ್ಯಾಕ್ಟರಿ, ಮಿಲ್ಲು, ಮಂಡಿ, ರೈಲು ನಿಲ್ದಾಣ ಅಂತ ಲೆಕ್ಕದ ಪುಸ್ತಕ ಹಿಡಿದು ಓಡಾಡುವವರಿಗೆ ಸೈಕಲ್ಲು ಬೇಕೇ ಬೇಕು. ಅಣಜಿ, ಜಗಳೂರಿನ ಕಡೆ ಹಳ್ಳಿಗಳಿಗೂ ಹೋಗುತ್ತಿದ್ದರಂತೆ. ಮಡ್‌ಗಾರ್ಡಿನ ಒಳಮೈಯಲ್ಲಿ ಗಟ್ಟಿಯಾಗಿ ಅಂಟಿಕೊಂಡಿದ್ದ ಎರೆಮಣ್ಣು ಆ ಮಾತಿಗೆ ಸಾಕ್ಷಿ.

ಕಣ್ಣಿಗೆ ಕಂಡದ್ದು ಇಷ್ಟು. 24 ಇಂಚಿನ ಗಂಡಸರ ಫ್ರೇಮು. 28 ಇಂಚಿನ ಚಕ್ರ, ಒಂದೂವರೆ ಇಂಚಿನ ಟಯರು. ರಾಡ್ ಬ್ರೇಕು. ಮೈತುಂಬ ಬ್ರಷ್ಷಿನಲ್ಲಿ ಹೊಡೆದ ಹಸಿರು ಎನಾಮಲ್ ಪೇಂಟು, ಮನೆಯ ಕಿಟಕಿ ಸರಳಿಗೆ ಹೊಡೆದು ಉಳಿದದ್ದು. ಹ್ಯಾಂಡಲ್ಲಿನ ಕೆಳಗಿನ ಹೆಡ್ಡಿನ ಮೇಲೆ ಬ್ಯಾಡ್ಜ್ ಇಲ್ಲ, ಎರಡು ಸಣ್ಣ ತೂತು ಮಾತ್ರ. ಹಿಂದಿನ ಚಕ್ರಕ್ಕೆ 40 ಕಡ್ಡಿ, ಮುಂದಿನದಕ್ಕೆ 32. ಇದು ಬ್ರಿಟಿಷರ ಪದ್ಧತಿ, ನಿಜ. ಆದರೆ ನಮ್ಮ ದೇಶದಲ್ಲಿ ತಯಾರಾದ ಸೈಕಲ್ಲುಗಳೂ ಅದನ್ನೇ ಮುಂದುವರಿಸಿದವು. ಹಾಗಾಗಿ ಕಡ್ಡಿ ಎಣಿಸಿ "ಇಂಗ್ಲೆಂಡಿನದು" ಅನ್ನೋಕಾಗಲ್ಲ.

ನಾನು ಹಳೇ ಸೈಕಲ್ಲು ನೋಡುವಾಗ ಮೊದಲು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಇದರಲ್ಲಿ ಬದಲಾಯಿಸಲು ಕಷ್ಟವಾದದ್ದು ಯಾವುದು, ಸುಲಭವಾದದ್ದು ಯಾವುದು? ಟಯರು, ಪೆಡಲ್ಲು, ಚೈನು, ಸೀಟು, ಬೆಲ್ಲು, ಇವೆಲ್ಲ ಯಾವ ಸೈಕಲ್ ಶಾಪಿನಲ್ಲೂ ಹತ್ತು ನಿಮಿಷದಲ್ಲಿ ಬದಲಾಗುವಂಥವು. ಎಪ್ಪತ್ತು ವರ್ಷ ದುಡಿದ ಸೈಕಲ್ಲಿನಲ್ಲಿ ಅವು ಬದಲಾಗದೇ ಇದ್ದರೆ ಆಶ್ಚರ್ಯ. ಫ್ರೇಮು, ಮೂಲ ಬಣ್ಣ, ಹೆಡ್ಡಿನ ಮತ್ತು ಬಿಬಿಯ (ಪೆಡಲ್ಲಿನ ಅಚ್ಚು ಕೂರುವ ಜಾಗ) ಥ್ರೆಡ್ಡು, ಇವು ಬದಲಾಗುವುದಿಲ್ಲ. ಚಕ್ರಗಳು ನಡುವೆ ಎಲ್ಲೋ ಬರುತ್ತವೆ. ಬದಲಾಗದ ಭಾಗಗಳು ಸೈಕಲ್ಲು ಎಲ್ಲಿ, ಯಾವಾಗ ಹುಟ್ಟಿತು ಅಂತ ಹೇಳುತ್ತವೆ. ಬದಲಾದ ಭಾಗಗಳು ಅದು ಹೇಗೆ ಬದುಕಿತು ಅಂತ ಹೇಳುತ್ತವೆ. ಎರಡನ್ನೂ ಕಲಸಿ ಒಂದೇ ಇಸವಿ ಹೇಳಿದರೆ ಎರಡೂ ಸುಳ್ಳಾಗುತ್ತವೆ.

ವ್ಯಾಪಾರಿ ರಡ್ಜ್ ಅಂದದ್ದು ಚೈನ್‌ವೀಲು ನೋಡಿ. ಚೈನು ಎಳೆಯುವ ಪೆಡಲ್ಲಿನ ಹಲ್ಲಿನ ಚಕ್ರ ಅದು. ಅದರ ನಡುವೆ ತೆರೆದ ಅಂಗೈ ಆಕಾರ ಕತ್ತರಿಸಿದೆ. ಐದು ಬೆರಳು ಸ್ಪಷ್ಟ. ರಡ್ಜ್ ಕಂಪನಿಯ ಗುರುತೇ ಆ ಕೈ. ಹಾಗೆಯೇ ರ‍್ಯಾಲೆಗೆ ಬಕಪಕ್ಷಿಯ ತಲೆ, ಹಂಬರ್‌ಗೆ ಓಡುವ ಐದು ಮನುಷ್ಯರು, ಬಿಎಸ್‌ಎಗೆ ಮೂರು ಅಕ್ಷರ. ಹಳಬರು ದೂರದಿಂದಲೇ ಚೈನ್‌ವೀಲು ನೋಡಿ ಸೈಕಲ್ಲಿನ ಹೆಸರು ಹೇಳುತ್ತಿದ್ದರು. ಆದರೆ ಚೈನ್‌ವೀಲು ಕಾಟರ್ ಪಿನ್ನಿನ ಮೇಲೆ ನಿಂತಿರುವ ವಸ್ತು. ಪಿನ್ನು ಬಡಿದು ತೆಗೆದರೆ ಕ್ರಾಂಕಿನ ಸಮೇತ ಕೈಗೆ ಬರುತ್ತದೆ. ಒಂದರದ್ದು ಇನ್ನೊಂದಕ್ಕೆ ಹಾಕುವುದು ಎಲ್ಲ ಕಡೆ ನಡೆದಿದೆ. ಬಿಎಸ್‌ಎ ಕಂಪನಿಯಂತೂ ತನ್ನ ಬಿಡಿಭಾಗಗಳನ್ನು ಬೇರೆ ತಯಾರಕರಿಗೂ ಮಾರುತ್ತಿತ್ತು. ಬಿಎಸ್‌ಎ ಚೈನ್‌ವೀಲು ಇದ್ದ ಮಾತ್ರಕ್ಕೆ ಸೈಕಲ್ಲು ಬಿಎಸ್‌ಎ ಆಗಲೇಬೇಕಿಲ್ಲ. ಇಲ್ಲಿ ಕೈ ಗುರುತು ಒಳ್ಳೆಯ ಸುಳಿವು, ಅಷ್ಟೇ.

ಹಾಗಾಗಿ ಬಣ್ಣದ ಕಡೆ ಹೋದೆ. ಹಸಿರಿನ ಕೆಳಗೆ ಏನಿದೆ ಅಂತ ನೋಡಬೇಕು, ಆದರೆ ಕೆಳಗಿನದ್ದು ಹಾಳಾಗಬಾರದು. ಕಾರ್ಖಾನೆಯ ಕಪ್ಪು ಬಣ್ಣ ಒಲೆಯಲ್ಲಿ ಬೇಯಿಸಿದ ಎನಾಮಲ್. ಅದು ಬಹಳ ಗಟ್ಟಿ. ಅದರ ಮೇಲಿನ ಚಿನ್ನದ ಗೆರೆ ಮತ್ತು ಅಕ್ಷರದ ಚಿತ್ರಗಳು ಮಾತ್ರ ತುಂಬ ತೆಳು. ಥಿನ್ನರ್ ಮುಟ್ಟಿಸಿದರೆ ಒಂದೇ ಉಜ್ಜಿಗೆ ಎದ್ದು ಬರುತ್ತವೆ. ತೆಂಗಿನೆಣ್ಣೆ ಸವರಿ, ನೆನೆಯಲು ಬಿಟ್ಟು, ಹಳೇ ಎಟಿಎಂ ಕಾರ್ಡಿನ ಅಂಚಿನಿಂದ ಹಸಿರನ್ನು ಚೂರು ಚೂರೇ ಎಬ್ಬಿಸಿದೆ. ಸೀಟಿನ ಕೆಳಗಿನ ಪೈಪಿನಲ್ಲಿ ಕಿರುಬೆರಳಿನ ಅಗಲದ ಜಾಗ ತೆರೆದುಕೊಂಡಿತು. ಕಪ್ಪು ಹಿನ್ನೆಲೆ. ಮಾಸಿದ ಚಿನ್ನದ ಬಣ್ಣದಲ್ಲಿ ಒಂದು ಪದದ ಬಾಲ: "ಇಂಗ್‌ಹ್ಯಾಮ್". ಅದರ ಮುಂದೆ ಇನ್ನೂ ಹಸಿರು ಪೇಂಟು.

ಮೊಮ್ಮಗ ಪಕ್ಕದಲ್ಲೇ ಕೂತಿದ್ದ. "ಕವೆಂಟ್ರಿ ಅಲ್ವಾ ಹಂಗಾದ್ರೆ?" ಅಂದ. ಅಲ್ಲ, ಅಷ್ಟಂತೂ ಖಾತ್ರಿ. ಆದರೆ ಈ ಬಾಲ ಎರಡು ಊರಿಗೆ ಹೊಂದುತ್ತದೆ, ಬರ್ಮಿಂಗ್‌ಹ್ಯಾಮ್ ಮತ್ತು ನಾಟಿಂಗ್‌ಹ್ಯಾಮ್. ಬರ್ಮಿಂಗ್‌ಹ್ಯಾಮ್ ಆಗಿದ್ದರೆ ಬಿಎಸ್‌ಎ, ಹರ್ಕ್ಯುಲಿಸ್, ಫಿಲಿಪ್ಸ್ ಕಡೆಯ ಫ್ರೇಮು, ಕೈ ಗುರುತಿನ ಚೈನ್‌ವೀಲು ಬೇರೆ ಸೈಕಲ್ಲಿನಿಂದ ಬಂದದ್ದು. ನಾಟಿಂಗ್‌ಹ್ಯಾಮ್ ಆಗಿದ್ದರೆ ಕಥೆಯೇ ಬೇರೆ. ಇನ್ನೂ ಒಂದು ಅಕ್ಷರದಷ್ಟು ಹಸಿರು ಏಳಬೇಕು. ಎದ್ದಾಗ ಕಂಡದ್ದು ನೆಟ್ಟಗೆ ನಿಂತ ಒಂದು ಗೆರೆ, ಅದರ ನೆತ್ತಿಯ ಮೇಲೆ ಅಡ್ಡಗೆರೆ. ಇಂಗ್ಲಿಷಿನ "ಟಿ". ನಾಟಿಂಗ್‌ಹ್ಯಾಮ್. ಅದರ ಕೆಳಗಿನ ಸಾಲಿನಲ್ಲಿ "ಇಂಗ್ಲೆಂಡ್". ಸ್ವಲ್ಪ ಮೇಲಕ್ಕೆ ಹೋದರೆ ಕೆಂಪು ಬಣ್ಣದ ಮೂರು ಬೆರಳ ತುದಿ. ಚೈನ್‌ವೀಲಿನ ಕೈ ಮತ್ತು ಫ್ರೇಮಿನ ಕೈ ಒಂದೇ. ಇದು ರಡ್ಜ್ ಹೌದು. ಕವೆಂಟ್ರಿಯದ್ದು ಅಲ್ಲ.

ಊರಿನ ಹೆಸರು ಯಾಕೆ ಇಷ್ಟು ಮುಖ್ಯ ಅಂದರೆ, ಅದು ತಾನಾಗಿಯೇ ಇಸವಿಯನ್ನು ಹೇಳುತ್ತದೆ. ರಡ್ಜ್ ಮತ್ತು ವಿಟ್‌ವರ್ತ್ ಎರಡು ಬೇರೆ ಕಂಪನಿಗಳಾಗಿದ್ದವು. 1894ರಲ್ಲಿ ಸೇರಿ ರಡ್ಜ್-ವಿಟ್‌ವರ್ತ್ ಆದವು. ಕಾರ್ಖಾನೆ ಕವೆಂಟ್ರಿಯಲ್ಲಿ. ಮೋಟಾರ್ ಸೈಕಲ್ಲಿಗೂ ಅವರ ಹೆಸರು ದೊಡ್ಡದು. 1930ರ ದಶಕದಲ್ಲಿ ಕಂಪನಿ ಕಷ್ಟಕ್ಕೆ ಸಿಕ್ಕಿ ಗ್ರಾಮಫೋನ್ ತಯಾರಿಸುವ ಇಎಂಐ ಕೈಗೆ ಹೋಯಿತು. ತಯಾರಿಕೆ ಕವೆಂಟ್ರಿ ಬಿಟ್ಟು ಲಂಡನ್ ಹತ್ತಿರದ ಹೇಯ್ಸ್‌ಗೆ ಬಂತು. 1943ರಲ್ಲಿ ಸೈಕಲ್ಲಿನ ವಿಭಾಗವನ್ನು ನಾಟಿಂಗ್‌ಹ್ಯಾಮಿನ ರ‍್ಯಾಲೆ ಕೊಂಡುಕೊಂಡಿತು. ಆಮೇಲಿನ ರಡ್ಜ್ ಸೈಕಲ್ಲುಗಳು ರ‍್ಯಾಲೆ ಕಾರ್ಖಾನೆಯಲ್ಲೇ ತಯಾರಾದವು. ಅಂದರೆ ನಾಟಿಂಗ್‌ಹ್ಯಾಮ್ ಅಂತ ಬರೆದ ರಡ್ಜ್ 1943ಕ್ಕಿಂತ ಹಳೆಯದಾಗಿರಲು ಸಾಧ್ಯವೇ ಇಲ್ಲ. 1935 ಅಲ್ಲಿಗೇ ಬಿದ್ದುಹೋಯಿತು.

ಬಣ್ಣದ ಮಾತನ್ನು ಕಬ್ಬಿಣದಲ್ಲೂ ಒರೆಗೆ ಹಚ್ಚಬೇಕು ಅನ್ನಿಸಿತು. ಹ್ಯಾಂಡಲ್ ಬಿಚ್ಚಿ, ಫೋರ್ಕಿನ ಮೇಲ್ತುದಿಯ ಥ್ರೆಡ್ಡಿಗೆ ಗೇಜು ಇಟ್ಟು ನೋಡಿದೆ. ನಮ್ಮ ಶಾಪುಗಳಲ್ಲಿ ಸಿಗುವ ಹೆಡ್ ಕಪ್ಪು, ಬಿಬಿ ಕಪ್ಪುಗಳಲ್ಲಿ (ಬಾಲ್ಸು ಕೂರುವ ಬಟ್ಟಲುಗಳಲ್ಲಿ) ಇಂಚಿಗೆ 24 ಥ್ರೆಡ್ಡು. ರ‍್ಯಾಲೆ ಕಾರ್ಖಾನೆ ಮಾತ್ರ ತನ್ನದೇ ಹಾದಿ ಹಿಡಿದು 26 ಥ್ರೆಡ್ಡು ಇಟ್ಟುಕೊಂಡಿತ್ತು. 24ರ ಗೇಜು ಕೂರಲಿಲ್ಲ, ಎರಡು ಹಲ್ಲಿಗೇ ತಪ್ಪಿಹೋಯಿತು. 26ರದ್ದು ಬೆಳಕು ನುಸುಳದ ಹಾಗೆ ಕೂತಿತು. ಬಿಬಿಯಲ್ಲೂ ಅದೇ. ಈ ಸೈಕಲ್ಲಿಗೆ ಈ ಬಟ್ಟಲು ಸಿಗೋದಿಲ್ಲ ಅಂತ ಶಾಪಿನವರು ವಾಪಸ್ ಕಳಿಸುತ್ತಿದ್ದರು ಎಂದು ಮೊಮ್ಮಗನ ತಂದೆ ಹೇಳುತ್ತಿದ್ದರಂತೆ. ಕಾರಣ ಇದೇ. ಬಲವಂತ ಮಾಡಿ 24ರ ಕಪ್ಪನ್ನು ತಿರುಗಿಸಿದ್ದರೆ ಫ್ರೇಮಿನ ಥ್ರೆಡ್ಡೇ ಸವೆದು ಹೋಗುತ್ತಿತ್ತು. ಹಾಗೆ ಮಾಡದೆ ವಾಪಸ್ ಕಳಿಸಿದ ಆ ಮೇಸ್ತ್ರಿಗೆ ದೊಡ್ಡ ನಮಸ್ಕಾರ.

ಇಲ್ಲಿಗೆ ಹುಟ್ಟೂರು ಗೊತ್ತಾಯ್ತು, ಕೆಳಗಿನ ಗಡಿ ಗೊತ್ತಾಯ್ತು. ಮೇಲಿನ ಗಡಿ? ಇದಕ್ಕೆ ನಮ್ಮ ದೇಶದ ಸೈಕಲ್ಲಿನ ಚರಿತ್ರೆ ಗೊತ್ತಿರಬೇಕು. ಸ್ವಾತಂತ್ರ್ಯ ಬಂದ ಮೇಲೆ ಹೊರಗಿನ ಸೈಕಲ್ಲಿನ ಆಮದಿಗೆ ಬಿಗಿ ಬಂತು, ಇಲ್ಲೇ ತಯಾರಿಸಿ ಎಂಬ ಒತ್ತಾಯ ಬಂತು. 1949ರಲ್ಲಿ ಮದ್ರಾಸಿನಲ್ಲಿ ಟಿಐ ಸೈಕಲ್ಸ್ ಹುಟ್ಟಿತು, ಹರ್ಕ್ಯುಲಿಸ್ ಹೆಸರಿನಲ್ಲಿ ತಯಾರಿಕೆ ಶುರುವಾಯಿತು. ಬಂಗಾಳದ ಆಸನ್‌ಸೋಲ್ ಹತ್ತಿರ ರ‍್ಯಾಲೆಯ ಜೊತೆಗಾರಿಕೆಯಲ್ಲಿ ಸೆನ್-ರ‍್ಯಾಲೆ ಕಾರ್ಖಾನೆ 1950ರ ದಶಕದ ಆರಂಭದಲ್ಲಿ ಕೆಲಸ ಶುರು ಮಾಡಿತು. ರ‍್ಯಾಲೆ, ಹಂಬರ್, ರಡ್ಜ್, ರಾಬಿನ್‌ಹುಡ್ ಎಂಬ ಹೆಸರುಗಳೆಲ್ಲ ಅಲ್ಲಿಂದಲೂ ಬಂದವು. ನಮ್ಮ ಕಡೆ "ಒರಿಜಿನಲ್ ಇಂಗ್ಲೆಂಡ್ ರ‍್ಯಾಲೆ" ಅಂತ ಅಟ್ಟದಿಂದ ಇಳಿಯುವ ಎಷ್ಟೋ ಸೈಕಲ್ಲುಗಳು ಆಸನ್‌ಸೋಲಿನವು. ಅವೂ ಒಳ್ಳೆಯ ಸೈಕಲ್ಲುಗಳೇ. ಅವುಗಳ ಕಥೆ ನಮ್ಮದೇ ದೇಶದ ಕಥೆ, ಅದನ್ನು ಮುಚ್ಚಿಡುವ ಅಗತ್ಯ ಇಲ್ಲ. ಆದರೆ ಈ ಫ್ರೇಮಿನ ಮೇಲೆ ನಾಟಿಂಗ್‌ಹ್ಯಾಮ್, ಇಂಗ್ಲೆಂಡ್ ಅಂತ ಇದೆ. ಇದು ಹಡಗಿನಲ್ಲಿ ಬಂದದ್ದು.

ನಿಜವಾದ ಉತ್ತರ ಸಿಕ್ಕಿದ್ದು ಹಿಂದಿನ ಹಬ್ಬಿನಲ್ಲಿ, ಅಂದರೆ ಕಡ್ಡಿಗಳೆಲ್ಲ ಸೇರುವ ಚಕ್ರದ ನಡುಭಾಗದಲ್ಲಿ. ಅದರ ಸುತ್ತ ಗ್ರೀಸು, ಧೂಳು ಸೇರಿ ಕರಿ ಹೆಪ್ಪು ಕಟ್ಟಿತ್ತು. ಸಾಮಾನ್ಯ ಹಬ್ಬಿಗಿಂತ ದಪ್ಪ. ಬಲಗಡೆ ಉದ್ದನೆಯ ಟೊಳ್ಳು ನಟ್ಟು, ಅದರ ಮೈಯಲ್ಲಿ ಒಂದು ಕಿಂಡಿ. ಸೀಮೆಎಣ್ಣೆ ಬಟ್ಟೆಯಿಂದ ಒರೆಸಿದ ಹಾಗೆ ಅಕ್ಷರಗಳು ಎದ್ದವು: ಸ್ಟರ್ಮಿ-ಆರ್ಚರ್, ಎಡಬ್ಲ್ಯು. ಬದಿಯಲ್ಲಿ 49, ಅದರ ಪಕ್ಕ 7.

ಎಡಬ್ಲ್ಯು ಅನ್ನುವುದು ರ‍್ಯಾಲೆ ಬಳಗದ ಸ್ಟರ್ಮಿ-ಆರ್ಚರ್ ಕಂಪನಿಯ ಮೂರು ಗೇರಿನ ಹಬ್ಬು. 1936ರಲ್ಲಿ ಬಂತು, ದಶಕಗಟ್ಟಲೆ ನಡೆಯಿತು. ಈ ಕಂಪನಿಯವರ ಒಂದು ಒಳ್ಳೆಯ ಅಭ್ಯಾಸ ಅಂದರೆ ತಯಾರಾದ ಕಾಲವನ್ನು ಹಬ್ಬಿನ ಮೇಲೇ ಒತ್ತುವುದು. ಯುದ್ಧಕ್ಕೆ ಮುಂಚಿನವುಗಳಲ್ಲಿ ಮಾದರಿಯ ಅಕ್ಷರದ ಪಕ್ಕ ವರ್ಷದ ಒಂದೇ ಅಂಕಿ ಇರುತ್ತದೆ. ಯುದ್ಧದ ನಂತರ ವರ್ಷಕ್ಕೆ ಎರಡು ಅಂಕಿ, ಜೊತೆಗೆ ತಿಂಗಳು. ಹಾಗಾಗಿ ಇದು 1949ರ ಜುಲೈನ ಹಬ್ಬು. ಹಬ್ಬು ಮೊದಲು ತಯಾರಾಗಿ, ಆಮೇಲೆ ಚಕ್ರಕ್ಕೆ ಕೂತು, ಆಮೇಲೆ ಸೈಕಲ್ಲಿಗೆ ಸೇರುವುದು. ಸೈಕಲ್ಲು ಕಾರ್ಖಾನೆಯಿಂದ ಹೊರಬಿದ್ದದ್ದು 1949ರ ಕೊನೆ ಅಥವಾ 1950 ಅಂತ ಇಟ್ಟುಕೊಳ್ಳಬಹುದು.

ಆದರೆ ಈ ಹಬ್ಬು ಇದೇ ಸೈಕಲ್ಲಿನದ್ದಾ? ಚಕ್ರ ಬದಲಾಗುವ ವಸ್ತು ಅಂತ ನಾನೇ ಮೇಲೆ ಹೇಳಿದ್ದೇನೆ. ಉತ್ತರ ಫ್ರೇಮಿನ ಅಡ್ಡಬಾರಿನಲ್ಲಿತ್ತು. ಗೇರಿನ ಕೇಬಲ್ಲು ಹ್ಯಾಂಡಲ್ಲಿನಿಂದ ಅಡ್ಡಬಾರಿನ ಉದ್ದಕ್ಕೂ ಹೋಗಿ, ಸೀಟಿನ ಹತ್ತಿರ ಒಂದು ಪುಟ್ಟ ರಾಟೆಯ ಮೇಲೆ ತಿರುಗಿ, ಹಿಂದಿನ ಚಕ್ರಕ್ಕೆ ಇಳಿಯುತ್ತದೆ. ಕೇಬಲ್ಲು ಇರಲಿಲ್ಲ. ರಾಟೆ ಇರಲಿಲ್ಲ. ಅಡ್ಡಬಾರಿನಲ್ಲಿ ಕೇಬಲ್ಲು ಹಿಡಿದಿಡುವ ಒಂದು ಕ್ಲಿಪ್ಪು ಮಾತ್ರ ಹಸಿರು ಪೇಂಟಿನಲ್ಲಿ ಮುಳುಗಿ ಉಳಿದುಕೊಂಡಿತ್ತು. ಅದರ ಸ್ಕ್ರೂ ನಿಧಾನವಾಗಿ ಬಿಚ್ಚಿದಾಗ ಕೆಳಗಿನ ಪಟ್ಟಿ ಕಾಣಿಸಿತು. ಸೈಕಲ್ಲಿನ ಬೇರೆಲ್ಲೂ ಇಲ್ಲದ ಹೊಳೆಯುವ ಕಪ್ಪು. ಗೀರು ಇಲ್ಲ, ಧೂಳು ಇಲ್ಲ, ತುಕ್ಕು ಇಲ್ಲ. ಕ್ಲಿಪ್ಪು ಹತ್ತು ವರ್ಷ ಓಡಿದ ಸೈಕಲ್ಲಿಗೆ ಆಮೇಲೆ ಕೂತಿದ್ದರೆ ಅದರ ಕೆಳಗೆ ಹತ್ತು ವರ್ಷದ ಗೀರುಗಳಿರಬೇಕಿತ್ತು. ಸೈಕಲ್ಲು ಹೊಸದಾಗಿದ್ದಾಗಲೇ ಗೇರಿತ್ತು. ಹಿಂದಿನ ರಿಮ್ಮು ಕೂಡ ಡನ್‌ಲಪ್, ಇಂಗ್ಲೆಂಡ್ ಮುದ್ರೆಯದು. ಹಬ್ಬು, ರಿಮ್ಮು, ಕ್ಲಿಪ್ಪು, ಫ್ರೇಮು ಒಂದಕ್ಕೊಂದು ಒಪ್ಪುತ್ತವೆ. ನನಗೆ ಇಷ್ಟು ಸಾಕು.

ಈ ಗೇರಿನ ವಿಷಯ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. "ಅಪ್ಪ ಈ ಸೈಕಲ್ ಭಾರ ಅಂತಿದ್ರು, ಅದಕ್ಕೇ ಮೂಲೆಗೆ ಹಾಕಿ ಅಟ್ಲಾಸ್ ತಗೊಂಡ್ರು" ಅಂದ ಮೊಮ್ಮಗ. ಈ ಮಾತು ಕೇಳಿ ನನಗೆ ನಿಜಕ್ಕೂ ಬೇಸರವಾಯಿತು. ಎಡಬ್ಲ್ಯು ಹಬ್ಬಿನ ಕೆಲಸ ಹೀಗೆ: ಕೇಬಲ್ಲು ಪೂರ್ತಿ ಎಳೆದರೆ ಮೊದಲನೇ ಗೇರು, ಚಕ್ರ ನಾಲ್ಕನೇ ಒಂದು ಭಾಗ ನಿಧಾನ, ತುಳಿಯಲು ಹಗುರ. ಅರ್ಧ ಎಳೆದರೆ ಎರಡನೇದು, ನೇರ. ಪೂರ್ತಿ ಸಡಿಲ ಬಿಟ್ಟರೆ ಮೂರನೇದು, ಮೂರನೇ ಒಂದು ಭಾಗ ಜಾಸ್ತಿ ವೇಗ, ಅಷ್ಟೇ ಜಾಸ್ತಿ ಭಾರ. ಕೇಬಲ್ಲು ತುಂಡಾದರೆ? ಹಬ್ಬು ಮೂರನೇ ಗೇರಿನಲ್ಲೇ ನಿಂತುಬಿಡುತ್ತದೆ. ಕೇಬಲ್ಲು ಕಿತ್ತು ಎಸೆದ ದಿನದಿಂದ ಆ ಮನುಷ್ಯ ಹಿಂದೆ ಮೂಟೆ ಕಟ್ಟಿಕೊಂಡು, ಎದುರು ಗಾಳಿಯಲ್ಲಿ, ಸೈಕಲ್ಲಿನ ಅತಿ ಭಾರದ ಗೇರನ್ನೇ ತುಳಿದಿದ್ದಾರೆ. ಸೈಕಲ್ಲಿನದೂ ತಪ್ಪಿಲ್ಲ, ಕಾಲಿನದೂ ತಪ್ಪಿಲ್ಲ. ಒಂದು ತಂತಿ ಇರಲಿಲ್ಲ.

ಮುಂದಿನ ಚಕ್ರದ ಕಥೆ ಬೇರೆ. ರಿಮ್ಮು, ಹಬ್ಬು ಎರಡೂ ಭಾರತದವು, ಬಹಳ ಈಚಿನವು. ಅದನ್ನು ಅಲ್ಲಿಗೇ ಬಿಡುತ್ತಿದ್ದೆ. ಆದರೆ ಫೋರ್ಕಿನ ಎಡಗಾಲಿನಲ್ಲಿ, ಹಸಿರು ಎಬ್ಬಿಸಿದ ಜಾಗದಲ್ಲಿ, ಒಂದರ ಮೇಲೊಂದು ಎರಡು ಅಡ್ಡ ಪಟ್ಟಿಗಳು ಕಂಡವು. ಸುತ್ತಲಿನ ಕಪ್ಪು ಬಿಸಿಲಿಗೆ ಮಂಕಾಗಿದೆ, ಆ ಪಟ್ಟಿಗಳು ಮಾತ್ರ ಕಡು ಕಪ್ಪು. ಏನೋ ತೆಳುವಾದ ಕ್ಲಿಪ್ಪುಗಳು ಅಲ್ಲಿ ಬಹಳ ಕಾಲ ಇದ್ದವು. ಬ್ರೇಕಿನ ಸರಳಿಗೆ ಆ ಜಾಗದಲ್ಲಿ ಕೆಲಸ ಇಲ್ಲ. ತಂತಿ ಹಿಡಿದಿಡುವ ಕ್ಲಿಪ್ಪುಗಳಿರಬೇಕು ಅಂದುಕೊಂಡು ಮನೆಗೆ ಹೋಗಿ ಅಜ್ಜಿಯನ್ನು ಕೇಳಿದೆ. ಅವರು ಗುಮಾಸ್ತರ ಸೊಸೆ. ಈ ಮನೆಗೆ ಬಂದದ್ದು 1950ರ ದಶಕದ ಕೊನೆಗೆ, ಹದಿನಾರರ ಹುಡುಗಿಯಾಗಿ.

"ಅಜ್ಜೀ, ಆ ಸೈಕಲ್ಲಿಗೆ ದೀಪ ಇತ್ತಾ?"

"ಇತ್ತಲ್ಲಪ್ಪಾ. ಬೇರೆಯವರದು ಟಯರಿಗೆ ತಾಗಿ ಗುರ್ ಅಂತಿತ್ತು. ನಮ್ಮ ಮಾವನವರದು ಏನೂ ಸದ್ದಿಲ್ಲ. ದೀಪ ಉರೀತಿತ್ತು, ಎಲ್ಲಿಂದ ಅಂತ ಕಾಣ್ತಿರಲಿಲ್ಲ. ಅಂಗಳಕ್ಕೆ ಬಂದು ನಿಲ್ಲೋವರೆಗೂ ನಮಗೆ ಗೊತ್ತಾಗ್ತಿರಲಿಲ್ಲ. ತಲೆ ಮೇಲೆ ಸೆರಗು ಎಳ್ಕೊಳ್ಳೋಕೂ ಪುರುಸೊತ್ತು ಇರ್ತಿರಲಿಲ್ಲ ನೋಡು."

ಟಯರಿಗೆ ತಾಗದೆ, ಸದ್ದು ಮಾಡದೆ ಉರಿಯುವ ದೀಪ ಅಂದರೆ ಡೈನೋಹಬ್. ಅದೂ ಸ್ಟರ್ಮಿ-ಆರ್ಚರ್ ಕಂಪನಿಯದೇ. ಮುಂದಿನ ಚಕ್ರದ ಹಬ್ಬಿನ ಒಳಗೇ ದುಂಡನೆಯ ಆಯಸ್ಕಾಂತ, ಅದರೊಳಗೆ ತಂತಿಯ ಸುರುಳಿ. ಚಕ್ರ ತಿರುಗಿದರೆ ಸಾಕು, ಕರೆಂಟು ಬರುತ್ತದೆ. ಯುದ್ಧಕ್ಕೆ ಮುಂಚೆ 12 ವೋಲ್ಟಿನದು ಇತ್ತು, ಯುದ್ಧದ ನಂತರ ಬಂದದ್ದು ಜಿಎಚ್6 ಎಂಬ 6 ವೋಲ್ಟಿನ ಮಾದರಿ. ಅಜ್ಜಿಗೆ ಆ ಹೆಸರು ಗೊತ್ತಿಲ್ಲ, ಗೊತ್ತಿರುವ ಅಗತ್ಯವೂ ಇಲ್ಲ. ಸೈಕಲ್ ತಜ್ಞರು ಯಾರೂ ಇಷ್ಟು ಖಚಿತವಾಗಿ ಹೇಳಲಾರರು. ಫೋರ್ಕಿನ ಮೇಲಿನ ಆ ಎರಡು ಪಟ್ಟಿಗೂ ಅವರ ಸೆರಗಿಗೂ ತಾಳೆ ಆಯಿತು.

ಸೀಟಿನ ಹಿಂದಿನ ಚರ್ಮದ ಚೀಲದಲ್ಲಿ ಇನ್ನೊಂದು ಸಾಕ್ಷಿ ಸಿಕ್ಕಿತು. ತಂತಿಗೆ ಪೋಣಿಸಿದ ಒಂದು ಸಣ್ಣ ಹಿತ್ತಾಳೆ ಬಿಲ್ಲೆ. ಸೈಕಲ್ಲಿಗೂ ಮುನ್ಸಿಪಾಲಿಟಿಗೆ ತೆರಿಗೆ ಕಟ್ಟಬೇಕಿದ್ದ ಕಾಲ ಅದು. ಕಟ್ಟಿದವರಿಗೆ ಬಿಲ್ಲೆ ಕೊಡುತ್ತಿದ್ದರು, ಬಿಲ್ಲೆ ಇಲ್ಲದವರನ್ನು ನಿಲ್ಲಿಸಿ ದಂಡ ಹಾಕುತ್ತಿದ್ದರು. ಹುಣಸೆಹಣ್ಣಿನಿಂದ ಉಜ್ಜದೆ, ಒಣ ಬಟ್ಟೆಯಲ್ಲಿ ಒರೆಸಿ ಓರೆ ಬೆಳಕಿಗೆ ಹಿಡಿದಾಗ ಇಸವಿ ಓದಲು ಬಂತು: 1951-52. ಇದರ ಬೆಲೆ ಎಷ್ಟೋ ಅಷ್ಟೇ ಕೊಡಬೇಕು. ಆ ವರ್ಷ ಈ ಮನೆಯಲ್ಲಿ ಒಂದು ಸೈಕಲ್ಲಿಗೆ ತೆರಿಗೆ ಕಟ್ಟಿದ್ದಾರೆ, ಬಿಲ್ಲೆ ಈ ಸೈಕಲ್ಲಿನ ಚೀಲದಲ್ಲಿ ಉಳಿದಿದೆ. ಇದೇ ಸೈಕಲ್ಲಿನದು ಅಂತ ಬಿಲ್ಲೆಯಲ್ಲಿ ಬರೆದಿಲ್ಲ. ಆದರೂ 1949ರ ಹಬ್ಬಿಗೂ ಇದಕ್ಕೂ ಚೆನ್ನಾಗಿ ಹೊಂದುತ್ತದೆ.

ಕೆಲವು ಸುಳಿವುಗಳನ್ನು ನೋಡಿ ಪಕ್ಕಕ್ಕಿಟ್ಟೆ. ಹಿಂದಿನ ಮಡ್‌ಗಾರ್ಡಿನ ತುದಿಯ ಬಿಳಿ ಪಟ್ಟಿ ಬ್ರಿಟನ್ನಿನ ರಸ್ತೆ ಕಾನೂನಿನಿಂದ ಬಂದದ್ದು. ಆದರೆ ಅದು ದಶಕಗಟ್ಟಲೆ ಮುಂದುವರಿಯಿತು, ನಮ್ಮ ಸೈಕಲ್ಲುಗಳಲ್ಲಿ ಈಗಲೂ ಇದೆ. ಹ್ಯಾಂಡಲ್ಲಿನ ತುಕ್ಕಿನ ಕೆಳಗೆ ನೀಲಿ ಛಾಯೆಯ ಕ್ರೋಮ್ ಇದೆ, ಹಳದಿ ಛಾಯೆಯ ನಿಕ್ಕಲ್ ಅಲ್ಲ. ಸುಮಾರು 1930ರ ನಂತರದ್ದು ಅಂತ ಅದು ಹೇಳುತ್ತದೆ, ಅದಕ್ಕಿಂತ ಒಳ್ಳೆಯ ಸಾಕ್ಷಿ ನಮ್ಮ ಕೈಯಲ್ಲಿದೆ. ಬೆಲ್ಲು ಲೂಕಾಸ್ ಕಂಪನಿಯದು, "ಕಿಂಗ್ ಆಫ್ ದ ರೋಡ್" ಅಂತ ಬರೆದಿದೆ. ಚೆಂದದ ಬೆಲ್ಲು, ಆದರೆ ಒಂದು ಸ್ಕ್ರೂ ಬಿಚ್ಚಿದರೆ ಯಾವ ಸೈಕಲ್ಲಿಗೂ ಹೋಗುತ್ತದೆ. ಸೀಟಿನ ಕಬ್ಬಿಣ, ಸ್ಪ್ರಿಂಗು ಬ್ರೂಕ್ಸ್ ಕಂಪನಿಯವು. ಚರ್ಮ ಮಾತ್ರ ಇಲ್ಲಿನದು, ದಪ್ಪ ದಾರದಲ್ಲಿ ಕೈಯಲ್ಲೇ ಹೊಲಿದದ್ದು. ಹೊಲಿಗೆ ಒಂದೇ ಅಳತೆಯಲ್ಲಿ ಎಷ್ಟು ನೇರವಾಗಿದೆ ಅಂದರೆ ಅದನ್ನು ಬಿಚ್ಚಿ "ಒರಿಜಿನಲ್" ಹಾಕುವುದು ಅನ್ಯಾಯ.

ಸೀಟಿನ ಲಗ್ಗಿನ (ಪೈಪುಗಳು ಕೂಡುವ ಕಬ್ಬಿಣದ ಜೋಡಣೆ) ಮೇಲೆ ಫ್ರೇಮ್ ನಂಬರೂ ಇದೆ. ಅದನ್ನು ಬರೆದಿಟ್ಟುಕೊಂಡೆ, ಅದರಿಂದ ಇಸವಿ ತೆಗೆಯಲು ಹೋಗಲಿಲ್ಲ. ಜನ ಮೊದಲು ಹುಡುಕುವುದೇ ಈ ನಂಬರನ್ನು. ಆದರೆ ನಾಟಿಂಗ್‌ಹ್ಯಾಮಿನ ನಂಬರುಗಳು ವರ್ಷದಿಂದ ವರ್ಷಕ್ಕೆ ಒಂದೇ ಸಾಲಿನಲ್ಲಿ ಏರುತ್ತಾ ಹೋಗುವುದಿಲ್ಲ. ಹಬ್ಬಿನ ಮೇಲೆ ತಿಂಗಳ ಸಮೇತ ಒತ್ತಿರುವಾಗ ನಂಬರಿನ ಪಟ್ಟಿಗೆ ಜೋತು ಬೀಳುವ ಅಗತ್ಯ ಇಲ್ಲ.

ಹಾಗಾದರೆ 1935 ಎಲ್ಲಿಂದ ಬಂತು? ಇದನ್ನು ಮನೆಯವರ ಮುಂದೆ ಹೇಳುವುದೇ ನನಗೆ ಕಷ್ಟದ ಕೆಲಸವಾಗಿತ್ತು. ಮನೆತನದ ಮಾತನ್ನು ಸುಳ್ಳು ಅಂದರೆ ಯಾರಿಗೂ ಹಿತ ಅನ್ನಿಸುವುದಿಲ್ಲ. ಅಜ್ಜಿಯೇ ದಾರಿ ತೋರಿಸಿದರು. "ಮಾವನವರಿಗೆ ಮೊದಲು ಇನ್ನೊಂದು ಸೈಕಲ್ ಇತ್ತಂತೆ. ದುಗ್ಗಮ್ಮನ ಜಾತ್ರೇಲಿ ಕಳವಾಯ್ತಂತೆ. ಅತ್ತೆ ಹೇಳ್ತಿದ್ರು" ಅಂದರು. ಮದುವೆಯ ವರ್ಷ ಕೊಂಡ ಸೈಕಲ್ಲು ಒಂದು, ಆಮೇಲೆ ಕೊಂಡದ್ದು ಇನ್ನೊಂದು. ಕಳೆದುಹೋದದ್ದರ ಇಸವಿ ಉಳಿದದ್ದಕ್ಕೆ ಅಂಟಿಕೊಂಡಿತು ಅಂತ ನನ್ನ ಊಹೆ. ಮೊಮ್ಮಗ ಸ್ವಲ್ಪ ಹೊತ್ತು ಸುಮ್ನಿದ್ದು, "ಹಂಗಾದ್ರೆ ಮುತ್ತಜ್ಜ ಎರಡು ಸಲ ದುಡ್ಡು ಕೂಡಿಸಿದ್ರು" ಅಂದ. ಗುಮಾಸ್ತರ ಸಂಬಳದಲ್ಲಿ ಮೂರು ಗೇರು, ಹಬ್ಬಿನ ದೀಪ ಇರುವ ಆಮದು ಸೈಕಲ್ಲು. ಸಣ್ಣ ಮಾತಲ್ಲ.

ವ್ಯಾಪಾರಿಯ ಮಾತಿಗೂ ಉತ್ತರ ಕೊಡಬೇಕಿತ್ತು. ಕವೆಂಟ್ರಿಯ ರಡ್ಜ್ ಅಂತ ಮಾರಿದರೆ ಅದು ಸುಳ್ಳು ಮಾರಾಟ. ನಾಟಿಂಗ್‌ಹ್ಯಾಮಿನ ರಡ್ಜ್ ಅಂತ ಮಾರಿದರೆ ಬೆಲೆ ಕಡಿಮೆ ಬರಬಹುದು. ಅದನ್ನು ಮೊಮ್ಮಗನಿಗೆ ನೇರವಾಗಿ ಹೇಳಿದೆ. ಅವನು ಮಾರುವ ಯೋಚನೆಯನ್ನೇ ಬಿಟ್ಟ. ಪೇಂಟಿನ ವಿಷಯದಲ್ಲಿ ನಾನು ಹಟ ಹಿಡಿದೆ. ಸ್ಯಾಂಡ್ ಬ್ಲಾಸ್ಟ್ ಮಾಡಿಸಿದ್ದರೆ ಊರಿನ ಹೆಸರು ಹೋಗುತ್ತಿತ್ತು, ಕೆಂಪು ಬೆರಳು ಹೋಗುತ್ತಿತ್ತು, ಫೋರ್ಕಿನ ಪಟ್ಟಿಗಳು ಹೋಗುತ್ತಿದ್ದವು. ಆಮೇಲೆ ಯಾರು ಬೇಕಾದರೂ ಯಾವ ಇಸವಿ ಬೇಕಾದರೂ ಹೇಳಬಹುದಿತ್ತು. ಹಸಿರನ್ನು ಎಬ್ಬಿಸಿ, ಉಳಿದ ಕಪ್ಪಿಗೆ ತೆಳುವಾಗಿ ಮೇಣ ಸವರಿ ಬಿಡುವುದು ಅಂತ ತೀರ್ಮಾನವಾಯಿತು. ಒಂದು ಕಡೆ, ಚೈನ್ ಕವರಿನ ಒಳಮೈಯಲ್ಲಿ, ಅಂಗೈ ಅಗಲದ ಹಸಿರನ್ನು ಹಾಗೇ ಬಿಟ್ಟಿದ್ದೇವೆ. ಅದೂ ಈ ಮನೆಯದ್ದೇ ತಾನೇ.

ಗೇರು ಸರಿಮಾಡುವುದು ಅಂದುಕೊಂಡಷ್ಟು ಕಷ್ಟ ಆಗಲಿಲ್ಲ. ಹಬ್ಬಿನ ಮೈಯಲ್ಲಿ ಎಣ್ಣೆ ಬಿಡುವ ಸಣ್ಣ ತೂತಿದೆ. ಅದರಿಂದ ಸೀಮೆಎಣ್ಣೆ ಬಿಟ್ಟು, ಚಕ್ರ ತಿರುಗಿಸಿ, ಕರಿ ನೀರು ಇಳಿದು ಹೋಗುವವರೆಗೆ ತೊಳೆದು, ಆಮೇಲೆ ತೆಳು ಮಿಷನ್ ಎಣ್ಣೆ ಬಿಟ್ಟೆವು. ಅಡುಗೆ ಎಣ್ಣೆ ಮಾತ್ರ ಯಾವತ್ತೂ ಬಿಡಬಾರದು. ಒಳಗೆ ಅಂಟಾಗಿ ಗೇರಿನ ಕೊಕ್ಕೆಗಳು ಏಳದ ಹಾಗೆ ಮಾಡುತ್ತದೆ. ಟೊಳ್ಳು ನಟ್ಟಿನೊಳಗೆ ಹೋಗುವ ಪುಟ್ಟ ಸರಪಳಿ ತುಂಡಾಗಿತ್ತು, ಅದರ ಸರಳಿನ ತುದಿ ಒಳಗೇ ಉಳಿದಿತ್ತು. ಸ್ಟರ್ಮಿ-ಆರ್ಚರ್ ಈಗ ತೈವಾನಿನ ಸನ್‌ರೇಸ್ ಕಂಪನಿಯ ಕೈಯಲ್ಲಿದೆ, ಆ ಸರಪಳಿ ಈಗಲೂ ಹೊಸದು ಸಿಗುತ್ತದೆ. ಸರಪಳಿ, ಕೇಬಲ್ಲು, ಹ್ಯಾಂಡಲ್ಲಿನ ಗೇರ್ ಗುಂಡಿ ಕೂಡಿಸಿದ ಮೇಲೆ ಮೊಮ್ಮಗ ಪಿ.ಬಿ. ರಸ್ತೆ ದಾಟಿ ಕುಂದುವಾಡ ಕೆರೆಯ ತನಕ ತುಳಿದುಕೊಂಡು ಹೋಗಿ ಬಂದ. ಏರಿಯಲ್ಲಿ ಮೊದಲನೇ ಗೇರು ಹಾಕಿದಾಗ ಸೈಕಲ್ಲೇ ಬದಲಾದ ಹಾಗಾಯ್ತು ಅಂದ.

ಸೈಕಲ್ಲಿನ ಜೊತೆ ಇಡಲು ಒಂದು ಹಾಳೆ ಬರೆದುಕೊಟ್ಟಿದ್ದೇನೆ. ಫ್ರೇಮು, ಫೋರ್ಕು, ಚೈನ್‌ವೀಲು, ಹಿಂದಿನ ಚಕ್ರ: ರಡ್ಜ್, ನಾಟಿಂಗ್‌ಹ್ಯಾಮ್, 1949ರ ಕೊನೆ ಅಥವಾ 1950. ಸೀಟಿನ ಚರ್ಮ: ದಾವಣಗೆರೆಯ ಕೆಲಸ. ಮುಂದಿನ ಚಕ್ರ, ಪೆಡಲ್ಲು, ಚೈನು: ಭಾರತದವು, ನಂತರದವು. ಗೇರ್ ಗುಂಡಿ, ಕೇಬಲ್ಲು, ಸರಪಳಿ: ಹೊಸವು. ಹೆಡ್ಡಿನ ಬ್ಯಾಡ್ಜ್: ಇಲ್ಲ.

ಈಗ ಹುಡುಕುತ್ತಿರುವುದು ಡೈನೋಹಬ್. ಗುಜರಿಯಲ್ಲಿ ಅವು ಬರುತ್ತವೆ, ದಪ್ಪ ಹಬ್ಬು ಅಂತ ಕಬ್ಬಿಣದ ತೂಕಕ್ಕೆ ಹೋಗುತ್ತವೆ. 32 ಕಡ್ಡಿಯದೇ ಆಗಬೇಕು, ಮೈಮೇಲೆ ಜಿಎಚ್6 ಅಂತ ಇರಬೇಕು, ಇಸವಿ 49 ಅಥವಾ 50 ಆಗಿದ್ದರೆ ಇನ್ನೂ ಒಳ್ಳೆಯದು. ಸಿಕ್ಕರೆ ಯಾರೂ ಬಿಚ್ಚಿ ಆಯಸ್ಕಾಂತವನ್ನು ಹೊರಗೆ ಎಳೆಯಬೇಡಿ. ಸುರುಳಿಯಿಂದ ಬೇರೆಯಾದರೆ ಆ ಹಳೇ ಆಯಸ್ಕಾಂತಗಳ ಶಕ್ತಿ ಇಳಿದುಹೋಗುತ್ತದೆ, ಆಮೇಲೆ ದೀಪ ಮಿಣಮಿಣ ಅನ್ನುತ್ತದೆ. ಇಡಿಯಾಗಿ ಹಾಗೇ ತಂದುಕೊಟ್ಟರೆ ಸಾಕು.